ಕಂಪ್ಯೂಟರ್ ಕೇಳಿ–ಹೇಳಿ: ಇಎಕ್ಸ್‌ಇ ಇದೆ, ಸೋರ್ಸ್ ಕೋಡ್ ಇಲ್ಲ

ಹಳೆಯ ಪ್ರೋಗ್ರಾಂಗಳನ್ನು ಹೊಸ ವಿಂಡೋಸ್‌ಗೆ ಸಾಗಿಸುವ ಬಗ್ಗೆ ಹೋದ ತಿಂಗಳು ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು: ಪ್ರೋಗ್ರಾಂ (ಅಂದರೆ ಓಡುವ ಇಎಕ್ಸ್‌ಇ ಫೈಲ್) ಓಡುತ್ತಿದೆ, ಬರೆದವರು ಸಿಗುತ್ತಿಲ್ಲ, ಅವರು ಬರೆದ ಮೂಲ, ಅಂದರೆ ಸೋರ್ಸ್ ಕೋಡ್, ಎಲ್ಲಿದೆಯೋ ದೇವರೇ ಬಲ್ಲ. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆ ಕಳಿಸಿದವರು ಇನ್ನೊಂದು ತಿಂಗಳು ಸುಧಾರಿಸಿಕೊಳ್ಳಬೇಕು.

ಪ್ರಶ್ನೆ: ಮೇಡಂ, ನಮ್ಮದು ಕಾಫಿ ಖರೀದಿ ವ್ಯಾಪಾರ. 2004ರಲ್ಲಿ ಇಲ್ಲೇ ಓದುತ್ತಿದ್ದ ಒಬ್ಬ ಹುಡುಗ ವಿಬಿ6ನಲ್ಲಿ (ವಿಷುಯಲ್ ಬೇಸಿಕ್ 6) ಖರೀದಿ ಬಿಲ್ಲಿನ ಪ್ರೋಗ್ರಾಂ ಮಾಡಿಕೊಟ್ಟಿದ್ದ. ತೂಕ, ಓಟಿ (ಔಟ್‌ಟರ್ನ್, 50 ಕೆಜಿ ಮೂಟೆಯಿಂದ ಸಿಗುವ ಬೀಜದ ತೂಕ), ತೇವಾಂಶದ ಕಡಿತ ಎಲ್ಲ ಅದೇ ಲೆಕ್ಕ ಹಾಕುತ್ತದೆ. ಈಗ ಬಿಲ್ಲಿನ ನಮೂನೆ ಬದಲಿಸಬೇಕು, ಒಂದೆರಡು ಕಡಿತಗಳನ್ನೂ ತಿದ್ದಬೇಕು. ಹುಡುಗ ವಿದೇಶದಲ್ಲಿದ್ದಾನೆ, ಅವನ ಹಳೇ ಕಂಪ್ಯೂಟರೇ ಇಲ್ಲವಂತೆ. ಬೆಂಗಳೂರಿನ ಒಬ್ಬರು ‘ಡಿಕಂಪೈಲ್ ಮಾಡಿ ಪೂರ್ತಿ ಸೋರ್ಸ್ ತೆಗೆದುಕೊಡುತ್ತೇವೆ’ ಎಂದು ದೊಡ್ಡ ಮೊತ್ತ ಕೇಳಿದರು. ಇನ್ನೊಬ್ಬರು ‘ಅದೆಲ್ಲ ಆಗದ ಮಾತು’ ಎಂದರು. ಯಾರನ್ನು ನಂಬಲಿ?
– ಕಾಫಿ ವ್ಯಾಪಾರಿ, ಚಿಕ್ಕಮಗಳೂರು

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಡಿಕಂಪೈಲ್, ಅಂದರೆ ಇಎಕ್ಸ್‌ಇಯಿಂದ ಹಿಂದಕ್ಕೆ ಕೋಡ್ ತೆಗೆಯುವುದನ್ನು, ಮಾಡಬಹುದು. ಆದರೆ ಕೈಗೆ ಬರುವುದು ಆ ಹುಡುಗ ಬರೆದ ಕೋಡ್ ಅಲ್ಲ, ಅದೇ ಕೆಲಸ ಮಾಡುವ ಬೇರೊಂದು ಕೋಡ್. ‘ಪೂರ್ತಿ ಸೋರ್ಸ್’ ಎಂದವರಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ನಿಮಗೆ ಹೇಳಿಲ್ಲ.

ಬರೆದ ಕೋಡನ್ನು ಯಂತ್ರದ ಆದೇಶಗಳಾಗಿ ತಿರುಗಿಸುವ ಕಂಪೈಲರ್‌ಗೆ ಬೇಕಿರುವುದು ಯಂತ್ರ ಏನು ಮಾಡಬೇಕು ಎನ್ನುವುದಷ್ಟೆ. ಹುಡುಗ ನಡುನಡುವೆ ಬರೆದುಕೊಂಡ ಟಿಪ್ಪಣಿಗಳನ್ನು ಅದು ಬಿಸಾಡುತ್ತದೆ. ‘ಓಟಿದರ’ ಎಂದೋ ‘ಒಣತೂಕ’ ಎಂದೋ ಅವನು ಇಟ್ಟ ಹೆಸರುಗಳು ಮೆಮೊರಿಯ ಜಾಗದ ನಂಬರುಗಳಾಗಿಬಿಡುತ್ತವೆ. ಎಷ್ಟು ಉಳಿಯುತ್ತದೆ ಎನ್ನುವುದು ಯಾವುದರಲ್ಲಿ ಬರೆದದ್ದು ಎನ್ನುವುದರ ಮೇಲೆ ನಿಂತಿದೆ. ಜಾವಾ, ಡಾಟ್‌ನೆಟ್ ಆಗಿದ್ದರೆ ಕ್ಲಾಸ್, ಮೆಥಡ್‌ಗಳ ಹೆಸರುಗಳೆಲ್ಲ ಒಳಗೇ ಇರುತ್ತವೆ. ಬೇಕೆಂದೇ ಕಲಸಿಟ್ಟಿರದಿದ್ದರೆ ಐಎಲ್‌ಸ್ಪೈ, ಸಿಎಫ್‌ಆರ್‌ನಂಥ ಉಚಿತ ಸಾಧನಗಳಿಂದಲೇ ಓದುವಂಥ ಕೋಡ್ ಬರುತ್ತದೆ. ಸಿ, ಸಿ++ ಆಗಿದ್ದರೆ ಹೆಸರುಗಳು ಹೋದವು ಅಂತಲೇ ಲೆಕ್ಕ. ವಿಬಿ6 ಇವೆರಡರ ನಡುವೆ ಕೂರುತ್ತದೆ. ಅದರಲ್ಲಿ ಇಎಕ್ಸ್‌ಇ ಮಾಡುವಾಗ ‘ಪಿ–ಕೋಡ್’ (ನಡುವಿನ ರೂಪ), ‘ನೇಟಿವ್ ಕೋಡ್’ (ನೇರ ಯಂತ್ರಭಾಷೆ) ಎಂದು ಎರಡು ಆಯ್ಕೆ. ಪಿ–ಕೋಡ್ ಆಗಿದ್ದರೆ ನಿಮ್ಮ ಅದೃಷ್ಟ, ಸುಮಾರು ಚೆನ್ನಾಗಿಯೇ ಬಿಚ್ಚಿಕೊಳ್ಳುತ್ತದೆ. ಆದರೆ ತಾನಾಗಿ ಬರುವುದು ನೇಟಿವ್, ಬಹಳಷ್ಟು ಜನ ಅದನ್ನು ಮುಟ್ಟುವುದೇ ಇಲ್ಲ. ಅದರಲ್ಲೂ ಫಾರ್ಮ್‌ಗಳು ಹಾಗೇ ಸಿಗುತ್ತವೆ: ಯಾವ ಪರದೆಯಲ್ಲಿ ಯಾವ ಬಟನ್, ಅದರ ಮೇಲೆ ಏನು ಬರೆದಿದೆ, ಒತ್ತಿದರೆ ಯಾವ ಭಾಗ ಓಡುತ್ತದೆ. ಆ ಭಾಗದ ಒಳಗಿನ ಲೆಕ್ಕ ಮಾತ್ರ ಯಂತ್ರದ ಆದೇಶಗಳ ರಾಶಿ, ಅದನ್ನು ಕೂತು ಓದಬೇಕು. ಬೆಂಗಳೂರಿನವರನ್ನು ‘ಪಿ–ಕೋಡೋ ನೇಟಿವ್ವೋ?’ ಎಂದು ಕೇಳಿ. ಇಎಕ್ಸ್‌ಇ ನೋಡದೆ ರೇಟ್ ಹೇಳಿದವರಾದರೆ ಅಲ್ಲೇ ಗೊತ್ತಾಗುತ್ತದೆ.

ಓದುವುದೆಂದರೆ ಹೇಗಿರುತ್ತದೆ ಎಂದು ಒಂದು ನಿಜವಾದ ತುಣುಕು ತೋರಿಸುತ್ತೇನೆ. ಒಬ್ಬ ಪರಿಚಯದ ವ್ಯಾಪಾರಿ ತಮ್ಮ ತೂಕದ ಪ್ರೋಗ್ರಾಂ ತಂದಿದ್ದರು, ಸಿ++ನಲ್ಲಿ ಬರೆದದ್ದು. ಗಿದ್ರಾದಲ್ಲಿ ತೆರೆದೆ. ಇದು ಅಮೆರಿಕದ ಎನ್‌ಎಸ್‌ಎ ಬೇಹುಗಾರಿಕೆ ಸಂಸ್ಥೆ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಉಚಿತ ಸಾಧನ. (ಗೂಢಚಾರರು ಕೊಟ್ಟದ್ದು ಎಂದು ಹೆದರಬೇಡಿ, ಅದರ ಸೋರ್ಸ್ ಪೂರ್ತಿ ಬಹಿರಂಗ.) ಯಂತ್ರದ ಆದೇಶಗಳ ಮಟ್ಟದಲ್ಲಿ ಕಂಡದ್ದು ಇಷ್ಟು: ಒಂದು ಸಂಖ್ಯೆಯನ್ನು 1374389535ರಿಂದ ಗುಣಿಸು, ಬಂದದ್ದನ್ನು 36 ಬಿಟ್ ಬಲಕ್ಕೆ ಸರಿಸು. ಕಾಫಿ ತೂಗುವ ಪ್ರೋಗ್ರಾಂನಲ್ಲಿ ಇಂಥ ಸಂಖ್ಯೆಗೇನು ಕೆಲಸ? ಯಂತ್ರಕ್ಕೆ ಭಾಗಾಕಾರ ನಿಧಾನ, ಗುಣಾಕಾರ ಬೇಗ. 36 ಬಿಟ್ ಬಲಕ್ಕೆ ಸರಿಸಿದರೆ 2ರ 36ನೇ ಘಾತದಿಂದ ಭಾಗಿಸಿದಂತೆ. ಆ ಘಾತವನ್ನು 50ರಿಂದ ಭಾಗಿಸಿ ಮೇಲಕ್ಕೆ ಸರಿಹೊಂದಿಸಿದರೆ ಬರುವುದೇ 1374389535. ಅಂದರೆ ಕಂಪೈಲರ್ ‘50ರಿಂದ ಭಾಗಿಸು’ ಎನ್ನುವುದನ್ನು ಗುಣಾಕಾರವಾಗಿ ಮಾಡಿಟ್ಟಿದೆ. 1400 ಹಾಕಿ ನೋಡಿ, ಸರಿಯಾಗಿ 28 ಬರುತ್ತದೆ.

ಗಿದ್ರಾ ಇಂಥದ್ದನ್ನು ತಾನೇ ಗುರುತಿಸಿ ‘ಪ್ಯಾರಮ್_1 / 50’ ಎಂದು ತಿರುಗಿ ಬರೆದುಕೊಡುತ್ತದೆ. ಭೇಷ್ ಅನ್ನಬೇಕು. ಆದರೆ ಈ 50 ಏನು? 50 ಕೆಜಿ ಮೂಟೆಯೇ? ಅದೇ ಪ್ರೋಗ್ರಾಂನಲ್ಲಿ ಇನ್ನೊಂದು ಕಡೆಯೂ ಒಂದು 50 ಇತ್ತು. ಅದು ಮೂಟೆಯಲ್ಲ, ಆಗಿನ ಹಮಾಲಿಯ ಲೆಕ್ಕ. ಎರಡೂ ಒಂದೇ ಎಂದುಕೊಂಡು ಹಮಾಲಿ ತಿದ್ದಲು ಹೋಗಿ ಮೂಟೆಯ ತೂಕ ಬದಲಿಸಿದರೆ ಇಡೀ ಸೀಸನ್ನಿನ ಲೆಕ್ಕ ಕೆಟ್ಟಿತು. ಇದನ್ನು ಹೇಳಿದ್ದು ಗಿದ್ರಾ ಅಲ್ಲ, ಆ ಅಂಗಡಿಯ ಹಳೇ ಗುಮಾಸ್ತರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ ಕೆಲಸ ಸಲೀಸಾಯಿತು.

ನಿಮ್ಮ ಪ್ರೋಗ್ರಾಂ ಕಥೆಯೂ ಇದೇ. ಓಟಿ 27, ಪಾಯಿಂಟ್ ದರ 200 ಎಂದರೆ 50 ಕೆಜಿ ಚೆರಿ ಮೂಟೆಗೆ 5400 ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಆ ಗುಣಾಕಾರಕ್ಕೆ ಡಿಕಂಪೈಲರ್ ಬೇಡ. ಬೇಕಾಗುವುದು ಮೂಲೆಯಲ್ಲಿ ಅಡಗಿರುವ ಲೆಕ್ಕಗಳಿಗೆ: ತೇವಾಂಶ ಇಷ್ಟು ದಾಟಿದರೆ ಎಷ್ಟು ಕಡಿತ, ಅರ್ಧ ಕೆಜಿಯನ್ನು ಮೇಲಕ್ಕೆ ಹಿಡಿಯುವುದೋ ಬಿಡುವುದೋ, ಯಾವ ಬೆಳೆಗಾರರಿಗೆ ಚೀಲದ ತೂಕ ಕಳೆಯುವುದಿಲ್ಲ. ಇಂಥವನ್ನು ಮಾತ್ರ ಬಿಚ್ಚಿಸಿ ನೋಡಿ, ಪೂರ್ತಿ ಪ್ರೋಗ್ರಾಂಗೆ ದುಡ್ಡು ಸುರಿಯಬೇಡಿ.

ಅದಕ್ಕೂ ಮೊದಲು ಎರಡು ಕೆಲಸ. ಪ್ರೋಗ್ರಾಂ ಇರುವ ಫೋಲ್ಡರ್ ತೆರೆದು ಎಂಡಿಬಿ ಎಂದು ಕೊನೆಯಾಗುವ ಫೈಲ್ ಇದೆಯೇ ನೋಡಿ. ಆ ಕಾಲದ ವಿಬಿ ಪ್ರೋಗ್ರಾಂಗಳು ಸಾಮಾನ್ಯವಾಗಿ ಲೆಕ್ಕವನ್ನೆಲ್ಲ ಆಕ್ಸೆಸ್ ಡೇಟಾಬೇಸ್‌ನಲ್ಲೇ ಇಡುತ್ತಿದ್ದವು. ಅದನ್ನು ನಕಲು ಮಾಡಿ ಬೇರೆ ಡಿಸ್ಕಿನಲ್ಲಿಡಿ. ಡೇಟಾ ಕೈಯಲ್ಲಿದ್ದರೆ ಉಳಿದದ್ದನ್ನು ಹೇಗಾದರೂ ಮಾಡಿಕೊಳ್ಳಬಹುದು. ಆಮೇಲೆ ಆರ್‌ಪಿಟಿ ಎಂದು ಕೊನೆಯಾಗುವ ಫೈಲ್ ಹುಡುಕಿ. ಇದ್ದರೆ ಅದು ಕ್ರಿಸ್ಟಲ್ ರಿಪೋರ್ಟ್ಸ್‌ನದು. ಬಿಲ್ಲಿನ ನಮೂನೆ ಇರುವುದೇ ಅದರಲ್ಲಿ. ಸೋರ್ಸ್ ಕೋಡ್ ಮುಟ್ಟದೆ ನಮೂನೆ ಬದಲಿಸಬಹುದು, ನಿಮ್ಮ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಪ್ರೋಗ್ರಾಂ ನಾಳೆಯೇ ನಿಂತುಬಿಡುತ್ತದೆ ಎಂಬ ಗಾಬರಿಯೂ ಬೇಡ. ವಿಬಿ6 ಬಂದದ್ದು 1998ರಲ್ಲಿ, ಅದರಲ್ಲಿ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರಲ್ಲಿ. ಆದರೆ ಹಳೆಯ ಪ್ರೋಗ್ರಾಂ ಓಡಲು ಬೇಕಾದ ಮುಖ್ಯ ಭಾಗ ವಿಂಡೋಸ್ 11ರಲ್ಲೂ ಬರುತ್ತದೆ.

ಹೊಸದನ್ನು ಬರೆಸುವುದೇ ಎಂದು ತೀರ್ಮಾನವಾದರೆ ಹಳೇ ಬಿಲ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ. ಹಿಂದಿನ ಸೀಸನ್‌ಗಳ ಬಿಲ್‌ಗಳನ್ನು ಹೊಸ ಪ್ರೋಗ್ರಾಂಗೆ ಹಾಕಿ, ಪೈಸೆ ಪೈಸೆ ತಾಳೆಯಾಗುವವರೆಗೆ ಬರೆದವರಿಗೆ ಪೂರ್ತಿ ಹಣ ಕೊಡಬೇಡಿ.

ಪ್ರಶ್ನೆ: ಮೇಲಿನಂಥ ಕೆಲಸ ಕಾನೂನಿಗೆ ಒಪ್ಪುತ್ತದೆಯೇ? ನನ್ನ ಕಕ್ಷಿದಾರರೊಬ್ಬರು ಹೀಗೇ ಹಳೇ ಪ್ರೋಗ್ರಾಂ ಬಿಚ್ಚಿಸಲು ಹೊರಟಿದ್ದಾರೆ. ದುಡ್ಡು ಕೊಟ್ಟು ಬರೆಸಿದ್ದು, ಹಾಗಾಗಿ ತಮ್ಮದೇ ಎನ್ನುತ್ತಾರೆ.
– ವಕೀಲರು, ಸಕಲೇಶಪುರ

ಉತ್ತರ: ವಕೀಲರಿಗೆ ಕಾನೂನು ಹೇಳುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ನಮ್ಮ ಕಡೆಯ ಅನುಭವದಿಂದ ಇಷ್ಟು ಹೇಳುತ್ತೇನೆ, ಉಳಿದದ್ದು ನೀವೇ ನೋಡಿಕೊಳ್ಳಿ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. ಸೆಕ್ಷನ್ 52ರಲ್ಲಿ ಉಲ್ಲಂಘನೆ ಎನಿಸದ ಕೆಲಸಗಳ ಪಟ್ಟಿಯಿದೆ; 1999ರ ತಿದ್ದುಪಡಿ ಅದಕ್ಕೆ ನಮ್ಮ ವಿಷಯಕ್ಕೆ ಬೇಕಾದವನ್ನು ಸೇರಿಸಿತು. ಪ್ರೋಗ್ರಾಂ ನ್ಯಾಯವಾಗಿ ಹೊಂದಿರುವವರು, ತಾವು ಬೇರೆಯಾಗಿ ಬರೆದ ಪ್ರೋಗ್ರಾಂ ಅದರ ಜೊತೆ ಕೆಲಸ ಮಾಡಲು ಅತ್ಯಗತ್ಯವಾದ ಮಾಹಿತಿಯನ್ನು, ಅದು ಬೇರೆ ಕಡೆ ಸುಲಭವಾಗಿ ಸಿಗದಿದ್ದಾಗ, ಅದರಿಂದಲೇ ಪಡೆಯಬಹುದು. ಅದರ ಹಿಂದಿನ ತತ್ತ್ವ ತಿಳಿಯಲು, ಅದು ಮಾಡಬೇಕಾದ ಕೆಲಸ ಮಾಡಿಸುತ್ತಲೇ, ಗಮನಿಸಿ ಪರೀಕ್ಷಿಸಬಹುದು. ಯುರೋಪಿನ 1991ರ ನಿರ್ದೇಶನದಲ್ಲೂ, ಅದರ ಜಾಗಕ್ಕೆ 2009ರಲ್ಲಿ ಬಂದದ್ದರಲ್ಲೂ ಡಿಕಂಪೈಲ್‌ಗೆ ಇಂಥದ್ದೇ ಸಣ್ಣ ಬಾಗಿಲಿದೆ. ಬಿಚ್ಚಿ ತೆಗೆದ ಕೋಡನ್ನು ಹೆಸರು ಬದಲಿಸಿ ಪಕ್ಕದ ಅಂಗಡಿಗೆ ಮಾರುವುದಕ್ಕೆ ಮಾತ್ರ ಈ ಬಾಗಿಲು ತೆರೆಯುವುದಿಲ್ಲ.

ನಿಮ್ಮ ಕಕ್ಷಿದಾರರ ‘ದುಡ್ಡು ಕೊಟ್ಟೆ, ನನ್ನದೇ’ ಎನ್ನುವ ಮಾತಿನ ಮೇಲೆ ಹೆಚ್ಚು ಭಾರ ಹಾಕಬೇಡಿ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಸೆಕ್ಷನ್ 17ರಂತೆ ಮಾಲೀಕರದ್ದು. ಹೊರಗಿನವರಿಗೆ ಗುತ್ತಿಗೆ ಕೊಟ್ಟು ಬರೆಸಿದ್ದಾದರೆ ಹಕ್ಕು ಬರೆದವರ ಹತ್ತಿರವೇ ಉಳಿದಿರಬಹುದು. ವರ್ಗಾಯಿಸಲು ಸೆಕ್ಷನ್ 19ರಂತೆ ಸಹಿ ಹಾಕಿದ ಬರಹ ಬೇಕು. ಮೇಲಿನ ಚಿಕ್ಕಮಗಳೂರಿನವರಿಗೂ ಇದೇ ಮಾತು: ಹುಡುಗ ಎಲ್ಲಿದ್ದಾನೆ ಎಂದು ಗೊತ್ತಿದೆಯಲ್ಲ, ಸೋರ್ಸ್ ಇಲ್ಲದಿದ್ದರೆ ಹೋಗಲಿ, ಹಕ್ಕು ಬಿಟ್ಟುಕೊಟ್ಟ ಪತ್ರವನ್ನಾದರೂ ತರಿಸಿಕೊಳ್ಳಿ. ವಿಚಾರಿಸಿದರೆ ಹೆಚ್ಚಿನವರು ಸಂತೋಷದಿಂದಲೇ ಕೊಡುತ್ತಾರೆ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಸಾಲ, ಷೇರು ಲೆಕ್ಕ ಫಾಕ್ಸ್‌ಪ್ರೊದಲ್ಲಿದೆ. ಪರದೆಯೆಲ್ಲ ಕನ್ನಡದಲ್ಲೇ ಇದೆ. ಇದನ್ನೂ ಬಿಚ್ಚಬಹುದೇ? ನಮ್ಮ ಹುಡುಗನೊಬ್ಬ ಪ್ರಯತ್ನಿಸಿದ, ಒಳಗೆ ಒಂದು ಕನ್ನಡ ಪದವೂ ಸಿಗಲಿಲ್ಲವಂತೆ.
– ಸಂಘದ ಕಾರ್ಯದರ್ಶಿ, ಅರಸೀಕೆರೆ ತಾಲ್ಲೂಕು

ಉತ್ತರ: ಸರ್, ಈ ಸಲದ ಪತ್ರಗಳಲ್ಲಿ ನಿಮ್ಮದೇ ಸುಲಭದ್ದು. ಫಾಕ್ಸ್‌ಪ್ರೊ, ಆ ಹಳೆಯ ಡೇಟಾಬೇಸ್ ಭಾಷೆ, ನಿಜವಾದ ಯಂತ್ರಭಾಷೆಗೆ ಇಳಿಯುವುದೇ ಇಲ್ಲ. ಪ್ರೋಗ್ರಾಂ ಓಡುವಾಗಲೂ ಅದಕ್ಕೆ ವೇರಿಯಬಲ್‌ಗಳ ಹೆಸರು ಬೇಕು, ಆದ್ದರಿಂದ ಹೆಸರುಗಳು ಒಳಗೇ ಕೂತಿರುತ್ತವೆ. ರಿಫಾಕ್ಸ್ ಎಂಬ ಸಾಧನ ಹಳೆಯ ಕಾಲದಿಂದ ಇದೇ ಕೆಲಸಕ್ಕಿದೆ; ಟಿಪ್ಪಣಿಗಳನ್ನು ಬಿಟ್ಟರೆ ಬಹುತೇಕ ಮೂಲದಂತೆಯೇ ಬರುತ್ತದೆ. ಬರೆದವರು ಬೇಕೆಂದೇ ಬೀಗ ಹಾಕಿದ್ದರೆ ಮಾತ್ರ ತೊಡಕು. ಲೆಕ್ಕವಿರುವ ಡಿಬಿಎಫ್ ಫೈಲ್‌ಗಳನ್ನಂತೂ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಹಾಗೇ ತೆರೆಯಬಹುದು. ನಕಲು ಮಾಡುವಾಗ ಜೊತೆಗಿರುವ ಎಫ್‌ಪಿಟಿ ಫೈಲ್ ಬಿಟ್ಟುಬಿಡಬೇಡಿ, ಉದ್ದನೆಯ ಷರಾಗಳೆಲ್ಲ ಅದರಲ್ಲಿರುತ್ತವೆ. ವಿಷುಯಲ್ ಫಾಕ್ಸ್‌ಪ್ರೊದ ಕೊನೆಯ ಆವೃತ್ತಿ 2004ರದ್ದು, ಮುಂದೆ ಹೊಸದಿಲ್ಲ ಎಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿದೆ. ಹಾಗಾಗಿ ಕೋಡ್ ಸಿಕ್ಕಿತೆಂದು ಇದನ್ನೇ ಇನ್ನೂ ಹತ್ತು ವರ್ಷ ಎಳೆಯಬೇಡಿ.

ಕನ್ನಡ ಸಿಗದ ಗುಟ್ಟು ಬೇರೆ. ಆ ಪ್ರೋಗ್ರಾಂ ಬರೆದಾಗ ಯೂನಿಕೋಡ್ ಬಳಕೆ ಇರಲಿಲ್ಲ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್‌ನಲ್ಲಿ ಬರೆದಿರುತ್ತಾರೆ. ಹಳೆಯ ನುಡಿ ಫಾಂಟ್‌ನಲ್ಲಿ ‘ಕನ್ನಡ’ ಎಂದು ಬರೆದರೆ ಫೈಲ್‌ನಲ್ಲಿ ಕೂರುವುದು ಏಳು ಸಂಕೇತ: ಇಂಗ್ಲಿಷಿನ ಪಿ, ಕ್ಯೂ ಮತ್ತು ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಇತ್ಯಾದಿ. ಫೈಲ್ ಒಳಗಿನ ಪದ ಹುಡುಕುವ ಸಾಧನಗಳು ಸಾಮಾನ್ಯ ಇಂಗ್ಲಿಷ್ ಅಕ್ಷರಗಳು ಒಟ್ಟಿಗೆ ನಾಲ್ಕಾದರೂ ಸಿಕ್ಕರೆ ಮಾತ್ರ ಅದನ್ನು ಪದ ಎಂದು ಎಣಿಸುತ್ತವೆ. ಇಲ್ಲಿ ಒಂದು ಪಿ, ದೂರದಲ್ಲೊಂದು ಕ್ಯೂ. ಅವು ಕಸ ಎಂದು ದಾಟಿಹೋಗುತ್ತವೆ. ನಿಮ್ಮ ಹುಡುಗನಿಗೆ ಹೇಳಿ: ‘ಸಾಲ’ ಎಂದು ನುಡಿಯಲ್ಲಿ ಟೈಪ್ ಮಾಡಿ, ಆ ಬೈಟ್‌ಗಳನ್ನೇ ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನು ಹಾಗೇ ತೋರಿಸುವ ಸಾಧನ) ಹುಡುಕಲಿ. ಸಾಲು ಸಾಲಾಗಿ ಬರುತ್ತವೆ. ಆಮೇಲೆ ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿದರಾಯಿತು. ಸದಸ್ಯರ ಹೆಸರುಗಳ ಒತ್ತಕ್ಷರಗಳನ್ನು ಮಾತ್ರ ಕಣ್ಣಲ್ಲೇ ನೋಡಿ ತಿದ್ದಬೇಕಾದೀತು.

ಪ್ರಶ್ನೆ: ಹೂಮಳೆ ಕೈಕೊಟ್ಟಾಗ ಓಡಿಸುವ ಸ್ಪ್ರಿಂಕ್ಲರ್ ಪಂಪಿಗೆ ಒಂದು ಕಂಟ್ರೋಲರ್ ಬಾಕ್ಸ್ ಇದೆ. ಸಿಡಿಲಿಗೆ ಎರಡು ಸಲ ಕೆಟ್ಟಿತು. ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದಾರೆ. ಒಳಗೆ ಎಟಿಮೆಗಾ328 ಚಿಪ್ ಇದೆ. ಅದರ ಪ್ರೋಗ್ರಾಂ ತೆಗೆದು ಸೋರ್ಸ್ ಮಾಡಿಸಿಟ್ಟುಕೊಳ್ಳಬಹುದೇ?
– ಬೆಳೆಗಾರರು, ಮೂಡಿಗೆರೆ

ಉತ್ತರ: ಸೋರ್ಸ್ ಯಾಕೆ ಬೇಕು? ನಿಮಗೆ ಬೇಕಿರುವುದು ಮುಂದಿನ ಸಿಡಿಲಿಗೆ ಇನ್ನೊಂದು ಚಿಪ್ ತಯಾರಿರುವುದು. ಚಿಪ್ಪಿಗೆ ಬೀಗ ಹಾಕಿರದಿದ್ದರೆ ಅದರಲ್ಲಿರುವುದನ್ನು ಹೆಕ್ಸ್ ಫೈಲ್ ಆಗಿ ಓದಿ ಹೊಸ ಚಿಪ್ಪಿಗೆ ಹಾಗೇ ತುಂಬಬಹುದು. ಜೊತೆಗೆ ಇಇಪ್ರಾಮ್ (ಚಿಪ್ ಉಳಿಸಿಟ್ಟುಕೊಂಡ ಮಾಹಿತಿಯ ಜಾಗ) ಮತ್ತು ಫ್ಯೂಸ್ ಸೆಟ್ಟಿಂಗ್ (ಕರೆಂಟಿನ ಫ್ಯೂಸ್ ಅಲ್ಲ, ಚಿಪ್ಪಿನ ವೇಗ ಮುಂತಾದ್ದನ್ನು ನಿಗದಿ ಮಾಡುವುದು) ಓದಿಟ್ಟುಕೊಳ್ಳಲು ಹೇಳಿ. ಫ್ಯೂಸ್ ತಪ್ಪಿದರೆ ಪ್ರೋಗ್ರಾಂ ಸರಿಯಿದ್ದೂ ಟೈಮರ್ ಅಡ್ಡಾದಿಡ್ಡಿ ಓಡುತ್ತದೆ. ಲಾಕ್ ಬಿಟ್ ಹಾಕಿದ್ದರೆ ಓದಲಾಗದು. ಬೀಗ ತೆಗೆಯಲು ಚಿಪ್ಪನ್ನು ಅಳಿಸಬೇಕು, ಆಗ ಪ್ರೋಗ್ರಾಂ ಕೂಡ ಅಳಿಸಿಹೋಗುತ್ತದೆ. ‘ಬೀಗ ತೆಗೆದುಕೊಡುತ್ತೇನೆ’ ಎಂದು ರಿಪೇರಿಯವರು ಹೊರಟರೆ ಈ ಮಾತು ಮೊದಲೇ ಹೇಳಿಬಿಡಿ. ಅಷ್ಟಾದರೆ ಹೊಸದಾಗಿ ಬರೆಸುವುದೇ ಅಗ್ಗ. ಇಷ್ಟು ಹೊತ್ತು ಓಡು, ನೀರಿಲ್ಲದಿದ್ದರೆ ನಿಲ್ಲು, ಫೇಸ್ ಹೋದರೆ ನಿಲ್ಲು: ಇದಕ್ಕಿಂತ ಹೆಚ್ಚಿನ ಲೆಕ್ಕ ಅದರಲ್ಲಿರಲಾರದು.

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟ್ ಪೈಥಾನ್‌ನಲ್ಲಿ ಮಾಡಿದ್ದೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯಿತು. ಪೈಇನ್‌ಸ್ಟಾಲರ್‌ನಲ್ಲಿ ಮಾಡಿದ ಇಎಕ್ಸ್‌ಇ ಮಾತ್ರ ಸ್ನೇಹಿತನ ಪೆನ್‌ಡ್ರೈವ್‌ನಲ್ಲಿದೆ. ವೈವಾ ಹತ್ತಿರ ಬಂತು ಮೇಡಂ!
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಆ ಸ್ನೇಹಿತನಿಗೆ ಒಂದು ಮಸಾಲೆದೋಸೆ ಕೊಡಿಸಿ. ಪೈಇನ್‌ಸ್ಟಾಲರ್ ಏನನ್ನೂ ಯಂತ್ರಭಾಷೆಗೆ ಇಳಿಸುವುದಿಲ್ಲ. ನಿಮ್ಮ ಪೈಥಾನ್ ಬೈಟ್‌ಕೋಡ್ (ಪೈಥಾನ್ ಓದಿ ಓಡಿಸುವ ನಡುವಿನ ರೂಪ) ಮತ್ತು ಪೈಥಾನ್ ಓಡಿಸುವ ಸಾಮಗ್ರಿಯನ್ನು ಒಂದೇ ಗಂಟು ಕಟ್ಟುತ್ತದೆ ಅಷ್ಟೆ. ಪೈಇನ್‌ಸ್ಟ್‌ಎಕ್ಸ್‌ಟ್ರಾಕ್ಟರ್‌ನಿಂದ ಗಂಟು ಬಿಚ್ಚಿದರೆ ಪಿವೈಸಿ ಫೈಲ್‌ಗಳು ಸಿಗುತ್ತವೆ. ಇಎಕ್ಸ್‌ಇ ಮಾಡುವಾಗ ಯಾವ ಪೈಥಾನ್ ಆವೃತ್ತಿ ಇತ್ತೋ ಅದರಲ್ಲೇ ಬಿಚ್ಚಿ, ಇಲ್ಲದಿದ್ದರೆ ಕೆಲವು ಭಾಗ ಸಿಗದೆ ಹೋಗುತ್ತದೆ. 3.8 ಅಥವಾ ಅದಕ್ಕಿಂತ ಹಳೆಯದಾದರೆ ಅನ್‌ಕಂಪೈಲ್6 ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಮುಂದಿನದಾದರೆ ಪೈಸಿಡಿಸಿ ನೋಡಿ; ಕೆಲವು ಫಂಕ್ಷನ್‌ಗಳು ಅರ್ಧಕ್ಕೇ ನಿಲ್ಲಬಹುದು, ಅವನ್ನು ಬೈಟ್‌ಕೋಡ್ ನೋಡಿಕೊಂಡು ಕೈಯಲ್ಲಿ ಬರೆಯಬೇಕು. ಹೆಸರುಗಳು, ಡಾಕ್‌ಸ್ಟ್ರಿಂಗ್‌ಗಳು ಉಳಿದಿರುತ್ತವೆ. ಹ್ಯಾಶ್ ಹಾಕಿ ಬರೆದ ಕಾಮೆಂಟ್‌ಗಳು ಹೋದವು. ಬಂದ ಕೋಡನ್ನು ಹಾಗೇ ಪ್ರಿಂಟ್ ಹಾಕಿ ಒಯ್ಯಬೇಡಿ, ಪ್ರತಿ ಫಂಕ್ಷನ್ ಮೇಲೂ ಒಂದು ಸಾಲು ಕಾಮೆಂಟ್ ನೀವೇ ಬರೆಯಿರಿ; ವೈವಾಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಪ್ರಶ್ನೆ: ಈಗ ಎಐಗೆ ಇಎಕ್ಸ್‌ಇ ಕೊಟ್ಟರೆ ಸೋರ್ಸ್ ಬರೆದುಕೊಡುತ್ತದಂತೆ. ಹಾಗಾದರೆ ಈ ಸಾಧನಗಳೆಲ್ಲ ಯಾಕೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ಈ ವಿದ್ಯೆ ಎಐಗಿಂತ ಬಹಳ ಹಳೆಯದು ಸರ್. 1960ರಲ್ಲೇ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಡಿ–ನೆಲಿಯಾಕ್ ಎಂಬ ಡಿಕಂಪೈಲರ್ ಇತ್ತು. ಇವತ್ತಿನ ಸಾಧನಗಳು ಅನುಸರಿಸುವ ದಾರಿಯನ್ನು ಬಹುಮಟ್ಟಿಗೆ ಹಾಕಿಕೊಟ್ಟವರು ಕ್ರಿಸ್ಟಿನಾ ಸಿಫುಯೆಂಟೆಸ್. 1994ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅವರು ಪಿಎಚ್‌ಡಿಗೆ ಮಾಡಿದ ಡಿಸಿಸಿ, ಡಾಸ್ ಪ್ರೋಗ್ರಾಂಗಳನ್ನು ಸಿ ಭಾಷೆಗೆ ತಿರುಗಿಸುತ್ತಿತ್ತು. ಯಂತ್ರದ ಆದೇಶಗಳಲ್ಲಿ ಇರುವುದೆಲ್ಲ ‘ಅಲ್ಲಿಗೆ ಜಿಗಿ, ಇಲ್ಲಿಗೆ ಜಿಗಿ’. ಆ ಜಿಗಿತಗಳ ನಕ್ಷೆ ಹಾಕಿ, ಇದು ಲೂಪ್, ಇದು ‘ಹೀಗಾದರೆ ಹೀಗೆ’ ಎಂದು ಗುರುತಿಸುವುದೇ ಅದರ ಜೀವಾಳ.

ಎಐ ಈ ಕೆಲಸಕ್ಕಿಂತ ಅದರ ಮುಂದಿನದರಲ್ಲಿ ಚುರುಕು, ಅಂದರೆ ಹೆಸರಿಡುವುದರಲ್ಲಿ. ಗಿದ್ರಾ ಕೊಟ್ಟ ‘ಐವಾರ್2’, ‘ಲೋಕಲ್_18’ಗಳ ಜಾಗದಲ್ಲಿ ಓದುವಂಥ ಹೆಸರು ಹಾಕಿಕೊಡುತ್ತದೆ. ನಾನೂ ಬಳಸುತ್ತೇನೆ, ಕಣ್ಣಿಗೆ ಆರಾಮ. ಆದರೆ ಅದು ಊಹೆ. ಆ ತೂಕದ ಪ್ರೋಗ್ರಾಂನ ತುಣುಕನ್ನೇ ಕೊಟ್ಟಾಗ ಹಮಾಲಿಯ 50ಕ್ಕೆ ಅದು ‘ರಿಯಾಯಿತಿ’ ಎಂದು ಹೆಸರಿಟ್ಟಿತು, ಅದೂ ಬಹಳ ಆತ್ಮವಿಶ್ವಾಸದಿಂದ. ಐವಾರ್2 ಎಂದಿದ್ದರೆ ನಮಗೆ ಗೊತ್ತಿಲ್ಲ ಎನ್ನುವುದಾದರೂ ಗೊತ್ತಿರುತ್ತದೆ. ರಿಯಾಯಿತಿ ಎಂದು ಬರೆದಿದ್ದರೆ ಮುಂದೆ ಓದುವವರು ಅದನ್ನೇ ನಂಬುತ್ತಾರೆ. ಇನ್ನೊಂದು ಮಾತು, ಗ್ರಾಹಕರ ಲೆಕ್ಕವಿರುವ ಪ್ರೋಗ್ರಾಂನ್ನು ಆನ್‌ಲೈನ್ ಸೇವೆಗೆ ಏರಿಸುವ ಮೊದಲು ಮಾಲೀಕರನ್ನು ಕೇಳಬೇಕು.

ಪ್ರಶ್ನೆ: ಹೋಂಸ್ಟೇ ಬುಕಿಂಗ್‌ಗೆ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ಎಸ್‌ಎಂಎಸ್ ಕಳಿಸುವ ಸೇವೆಯ ಕೀ (ಗುಪ್ತ ಸಂಕೇತ) ಆ್ಯಪ್ ಒಳಗೇ ಇದೆ. ಕಂಪೈಲ್ ಆದಮೇಲೆ ಯಾರಿಗೂ ಕಾಣುವುದಿಲ್ಲ ಅಲ್ಲವೇ?
– ಯುವ ಡೆವಲಪರ್, ಚಿಕ್ಕಮಗಳೂರು

ಉತ್ತರ: ಕಾಣುತ್ತದೆ. ಜ್ಯಾಡ್‌ಎಕ್ಸ್ ಎಂಬ ಉಚಿತ ಸಾಧನದಲ್ಲಿ ನಿಮ್ಮ ಎಪಿಕೆ (ಆ್ಯಪ್‌ನ ಫೈಲ್) ತೆರೆದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೀ ಸಿಗುತ್ತದೆ. ಆರ್8 ಹಾಕಿದ್ದೇನೆ ಎನ್ನಬೇಡಿ. ಅದು ಕ್ಲಾಸ್, ಮೆಥಡ್‌ಗಳ ಹೆಸರನ್ನು ‘ಎ’, ‘ಬಿ’ ಎಂದು ಕುಗ್ಗಿಸುತ್ತದೆ, ಉಲ್ಲೇಖ ಚಿಹ್ನೆಯ ಒಳಗಿರುವ ಅಕ್ಷರಗಳನ್ನು ಮುಟ್ಟುವುದಿಲ್ಲ. ಎರಡು ತುಂಡು ಮಾಡಿ ಜೋಡಿಸಿದರೂ, ತಿರುಗಾ ಮುರುಗಾ ಬರೆದರೂ ಜೋಡಿಸುವ ಕೋಡ್ ಪಕ್ಕದಲ್ಲೇ ಇರುತ್ತದಲ್ಲ. ಕೀ ನಿಮ್ಮ ಸರ್ವರ್‌ನಲ್ಲಿರಲಿ, ಆ್ಯಪ್ ಸರ್ವರನ್ನು ಕೇಳಲಿ, ಎಸ್‌ಎಂಎಸ್ ಸರ್ವರ್ ಕಳಿಸಲಿ. ಆ್ಯಪ್ ಈಗಾಗಲೇ ಪ್ಲೇ ಸ್ಟೋರ್‌ಗೆ ಹೋಗಿದ್ದರೆ ಹೊಸ ಆವೃತ್ತಿ ಬಿಟ್ಟರಷ್ಟೇ ಸಾಲದು, ಹಳೆಯದು ಜನರ ಫೋನಿನಲ್ಲಿದೆ. ಆ ಕೀಯನ್ನೇ ಇವತ್ತು ರದ್ದು ಮಾಡಿ, ಹೊಸದನ್ನು ತೆಗೆದುಕೊಳ್ಳಿ.